ಸೊಲ್ಲಡಗಿದ ಎರಡು ನಿಮಿಷ

ತಂಗಿಗೆ ಹನ್ನೊಂದು ವರ್ಷವಿದ್ದಾಗ ಮನೆಯಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟರೆ ಶುರು, ನಿದ್ದೆ ಬರುವವರೆಗೂ ಬಾಯಿಗೆ ಬಿಡುವಿಲ್ಲ. ಈಗ ಅವಳಿಗೆ ಐವತ್ತು. ಇಪ್ಪತ್ತು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ಡಾಕ್ಟರು ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದರು. ಜೀವ ಉಳಿಯಿತು, ಮಾತು ಹೋಯಿತು. ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾಳೆ, ಅದರ ಮೇಲೊಂದು ತೆಳ್ಳನೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ, ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಾಳೆ. ಗಂಟಲಿಗೆ ಒತ್ತಿಕೊಂಡು ಮಾತಾಡುವ ಯಂತ್ರವೊಂದನ್ನು ಅಣ್ಣ ತಂದುಕೊಟ್ಟಿದ್ದ. ಎರಡು ದಿನ ಅದರಲ್ಲಿ ಗರಗರ ಎಂದು ನೋಡಿದಳು. "ಇದು ನಿನ್ನ ಸಿನಿಮಾದ ರೋಬೋಟಿನ ದನಿ, ಆ ರೋಬೋಟಿಗೇ ವಾಪಸ್ ಕೊಡು" ಎಂದು ಬರೆದು ಯಂತ್ರವನ್ನು ಡ್ರಾಯರಿಗೆ ಎಸೆದಳು.

ಅಣ್ಣನಿಗಾದರೋ ಕಿವಿ ಕೇಳದವರಿಗೆ ಯಂತ್ರ ಮಾರುವ ಅಂಗಡಿಯಲ್ಲಿ ಕೆಲಸ. ಹಗಲೆಲ್ಲ "ಆಂ? ಏನಂದ್ರಿ?" ಎನ್ನುವವರ ಮುಂದೆ ಕಿರುಚಿ ಕಿರುಚಿ ಮನೆಗೆ ಬಂದರೆ ಇಲ್ಲಿ ಬಾಯಿಲ್ಲದ ತಂಗಿ. ದೇವರಿಗೆ ತಮಾಷೆ ಮಾಡಲು ಬೇರೆ ಮನೆ ಸಿಗಲಿಲ್ಲವೇನೋ. ಮದುವೆ ಇಬ್ಬರಿಗೂ ಕೂಡಿಬರಲಿಲ್ಲ. ಅವಳು ಪ್ರೆಸ್ಸೊಂದಕ್ಕೆ ಮನೆಯಿಂದಲೇ ಪ್ರೂಫ್ ತಿದ್ದುತ್ತಾಳೆ. ಅವನು ಸಂಜೆ ಬಂದವನೇ ಕಂಪ್ಯೂಟರ್ ಮುಂದೆ ಕೂತು ಹಳೇ ಆಕಾಶನೌಕೆ ಸಿನಿಮಾ ತೊಳೆಯುತ್ತಾನೆ.

ತೊಳೆಯುವುದು ಎಂದರೆ ತೊಳೆಯುವುದೇ. ಒಬ್ಬರ ಮುಖ ಒಬ್ಬರು ನೋಡದ ಏಳೆಂಟು ಜನರ ಗುಂಪು ಅವರದು. ಹಳೇ ಚಿತ್ರಗಳ ಒಂದೊಂದೇ ಚೌಕಟ್ಟಿನಿಂದ ಗೀರು, ಧೂಳು, ಬೂಷ್ಟು ತೆಗೆಯುತ್ತಾರೆ. ಕತ್ತರಿಸಿ ಬಿಸಾಡಿದ ತುಂಡುಗಳನ್ನು ಹುಡುಕಿ ಮತ್ತೆ ಜೋಡಿಸುತ್ತಾರೆ. ಮಾಡಿ ಎಂದು ಹೇಳಿದವರಿಲ್ಲ, ಭೇಷ್ ಎನ್ನುವವರೂ ಅಷ್ಟಕ್ಕಷ್ಟೆ. ಗುಂಪಿನ ಯಜಮಾನರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು.

ಆ ವರ್ಷ ಮೇಷ್ಟ್ರಿಗೆ ನಿಧಿ ಸಿಕ್ಕಿತ್ತು. ಅಣ್ಣ ಹದಿನೈದರ ಹುಡುಗನಾಗಿದ್ದಾಗ ಬಂದ ಚಿತ್ರವದು. ಒಬ್ಬನೇ ನೌಕೆಯಲ್ಲಿ ಹೊರಟ ಚಾಲಕ, ಇನ್ನು ತಾನು ಹಿಂದಿರುಗುವುದಿಲ್ಲ ಎಂದು ಗೊತ್ತಾದ ಮೇಲೆ ಮನೆಯವರಿಂದ ರೇಡಿಯೋದಲ್ಲಿ ಬೀಳ್ಕೊಳ್ಳುವ ಏಳು ನಿಮಿಷ ಅದರಲ್ಲಿತ್ತು. ಜನ ಆಕಳಿಸಿದರೆಂದು ಮೊದಲ ವಾರದ ಮೇಲೆ ಅದಕ್ಕೆ ಕತ್ತರಿ ಬಿತ್ತು. ಆ ತುಂಡು ಈಗ ಮುಚ್ಚಿಹೋದ ಟಾಕೀಸೊಂದರ ಗೋದಾಮಿನಲ್ಲಿ ಸಿಕ್ಕಿತು. ಚಿತ್ರ ಮಾತ್ರ, ಸದ್ದಿಲ್ಲ. ಚಾಲಕ ತುಟಿ ಅಲ್ಲಾಡಿಸುತ್ತಾನೆ, ಏನು ಹೇಳುತ್ತಾನೋ ಆ ಪರಮಾತ್ಮನಿಗೇ ಗೊತ್ತು.

"ಸದ್ದು ನನ್ನತ್ರ ಇದೆ ಮೇಷ್ಟ್ರೇ" ಎಂದ ಅಣ್ಣ.

ಇತ್ತು. ಆ ಮೊದಲ ವಾರದಲ್ಲೇ ಟೇಪ್ ರೆಕಾರ್ಡರನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಎರಡನೇ ಸಲ ಹೋಗಿದ್ದ. ತಂಗಿಯನ್ನೂ ಕರೆದುಕೊಂಡು ಹೋಗುವುದಾದರೆ ಮಾತ್ರ ಹೋಗು ಎಂದಿದ್ದಳು ಅಮ್ಮ. ಬ್ಯಾಟರಿ ಸಾಯುತ್ತಿತ್ತು, ಹಾಗಾಗಿ ಬೀಳ್ಕೊಳ್ಳುವ ಭಾಗವನ್ನಷ್ಟೇ ಹಿಡಿದಿದ್ದ. ಆ ಕ್ಯಾಸೆಟ್ ಮೂವತ್ತೊಂಬತ್ತು ವರ್ಷ ಟ್ರಂಕಿನ ತಳದಲ್ಲಿ ಬಿದ್ದಿತ್ತು.

ಭಾನುವಾರ ಬೆಳಿಗ್ಗೆ ಅದನ್ನು ಕಂಪ್ಯೂಟರಿಗೆ ಇಳಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಚಾಲಕನ ಮಾತು ಇತ್ತು. ಅದರ ಮೇಲೆ, ಮೈಕಿನ ಪಕ್ಕದಲ್ಲೇ, ಹನ್ನೊಂದು ವರ್ಷದ ರೇಡಿಯೋ.

"ಅಣ್ಣಾ, ಹಡಗು ಯಾಕೆ ಅಲ್ಲಾಡ್ತಿದೆ? ಅಣ್ಣಾ, ಅವನಿಗೆ ಊಟ ಯಾರು ಹಾಕ್ತಾರೆ? ಅಯ್ಯೋ, ಅಳ್ತಿದಾನೆ ನೋಡೋ!"

ಅಣ್ಣನ ಕಣ್ಣಲ್ಲಿ ನೀರು ಬಂತು. ಈ ದನಿಗಾಗಿ ಅವಳು ಹುಡುಕದ ಜಾಗವಿರಲಿಲ್ಲ. ಚಿಕ್ಕಪ್ಪನ ಮಗಳ ಮದುವೆ ವಿಡಿಯೋದಲ್ಲಿ ಅವಳು ಕೈ ಬೀಸಿ ಬೀಸಿ ಮಾತಾಡುವುದು ಕಾಣುತ್ತಿತ್ತು, ಆದರೆ ವಿಡಿಯೋ ತೆಗೆದ ಪುಣ್ಯಾತ್ಮ ಅದರ ಮೇಲೆ ವಾದ್ಯದ ಸದ್ದು ಸುರಿದುಬಿಟ್ಟಿದ್ದ. ಅದನ್ನೇ ನೂರು ಸಲ ನೋಡಿ, "ನನ್ನ ದನಿ ಹೆಂಗಿತ್ತು ಅಂತ ನನಗೇ ಮರ್ತೋಗಿದೆ ಕಣೋ" ಎಂದು ಬರೆದಿದ್ದಳು. ಇಗೋ ಸಿಕ್ಕಿತು, ಕರೆಯಬೇಕು ಎಂದು ಕುರ್ಚಿಯಿಂದ ಅರ್ಧ ಎದ್ದ.

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಅವಳೇ ಕೇಳಿದಳು: "ಅಣ್ಣಾ, ಅವನು ಮನೆಗೆ ವಾಪಸ್ ಹೋಗ್ತಾನೆ ತಾನೆ?"

ಆಗ ತಾನೇ ಒಡೆಯುತ್ತಿದ್ದ ಗಂಡು ಗಂಟಲೊಂದು ಹಲ್ಲು ಕಚ್ಚಿ ಹೇಳಿತು: "ಬಾಯ್ಮುಚ್ಚೇ! ಎಲ್ಲಾ ಕೆಡಿಸ್ಬಿಟ್ಟೆ. ನಿನ್ ಸೊಲ್ಲಡಗ!"

ಅಣ್ಣ ಹಾಗೇ ಕುಸಿದು ಕೂತ. ಅಜ್ಜಿಯ ಬೈಗುಳವದು. ದಿನಕ್ಕೆ ಹತ್ತು ಸಲ ಬೆಕ್ಕಿಗೂ ಬೈಯುತ್ತಿದ್ದಳು, ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಬೆಕ್ಕಿನ ಸೊಲ್ಲು ಅಡಗಲಿಲ್ಲ, ಅಡಗಿದ್ದು ಇವಳದು. ಶಾಪ ತಟ್ಟುತ್ತದೆ ಎಂದು ನಂಬುವ ಮನುಷ್ಯನಲ್ಲ ಅವನು. ಆದರೂ ಆ ಮೂರು ಸೆಕೆಂಡು ಕೇಳಿದ ಮೇಲೆ ನಂಬಿಕೆ ಗಿಂಬಿಕೆ ಯಾವುದೂ ಅವನ ಕೈಯಲ್ಲಿ ಉಳಿಯಲಿಲ್ಲ.

ಒಂದು ವಾರ ಹೇಳಲಿಲ್ಲ. ಹೆಡ್‌ಫೋನ್ ತೆಗೆಯಲಿಲ್ಲ, ಊಟಕ್ಕೆ ಕೂತರೆ ತಂಗಿಯ ಮುಖ ನೋಡಲಿಲ್ಲ. ಗುಂಪಿಗೆ ಕಳಿಸುವ ಪ್ರತಿಯಿಂದ ಪುಟ್ಟ ದನಿಯನ್ನೂ ತನ್ನ ಬೈಗುಳವನ್ನೂ ಎಳೆ ಎಳೆಯಾಗಿ ಬಿಡಿಸಿ ತೆಗೆದ. ಹಾಗೆ ಮಾಡಲು ಮೊದಲು ಕಂಪ್ಯೂಟರಿಗೆ ಯಾವುದು ಕಸ ಎಂದು ತೋರಿಸಬೇಕು. ತಂಗಿಯ "ಅಣ್ಣಾ" ಎಂಬ ಕರೆಯನ್ನೇ ಆರಿಸಿ, ಇದು ಕಸ ಎಂದು ಗುರುತು ಹಾಕಬೇಕಾಯಿತು. ಥೂ, ಇದೂ ಒಂದು ಬಾಳೇ ಎನಿಸಿತು. ತಂಗಿಗೆಂದು ಇನ್ನೊಂದು ಪ್ರತಿ ಮಾಡಿದ: ಅವಳ ಮಾತೆಲ್ಲ ಹಾಗೇ ಬಿಟ್ಟು, ತನ್ನ ಮೂರು ಸೆಕೆಂಡನ್ನು ಕತ್ತರಿಸಿ, ಎರಡು ತುದಿಯನ್ನು ಕೂಡಿಸಿದ. ಇಂಥ ಬೆಸುಗೆಯಲ್ಲಿ ಅವನದು ಪಳಗಿದ ಕೈ.

ಮುಂದಿನ ಭಾನುವಾರ ಅವಳು ಪ್ರೂಫ್ ಹಾಳೆ ಹರಡಿಕೊಂಡು ಕೂತಿದ್ದಾಗ ಹೆಡ್‌ಫೋನ್ ತಂದು ಅವಳ ತಲೆಗಿಟ್ಟ. "ಕೇಳು. ನೀನೇ."

ಮೊದಲು ಅರ್ಥವಾಗಲಿಲ್ಲ ಅವಳಿಗೆ. ಆಮೇಲೆ ಕೈಯಲ್ಲಿದ್ದ ಕೆಂಪು ಪೆನ್ನು ಜಾರಿತು. ಭುಜ ಕುಲುಕಿತು, ಕುತ್ತಿಗೆಯ ಬಟ್ಟೆ ಪಟಪಟ ಹಾರಿತು. ಅವಳು ನಕ್ಕರೂ ಅತ್ತರೂ ಅಷ್ಟೇ ಕಾಣುವುದು, ಯಾವುದೆಂದು ಮುಖ ನೋಡಿಯೇ ತಿಳಿಯಬೇಕು. ಅವತ್ತು ಎರಡೂ ಇತ್ತು. ಮತ್ತೆ ಹಾಕು ಎಂದು ಕೈ ಮಾಡಿದಳು. ಮತ್ತೆ ಹಾಕಿದ. ನಾಲ್ಕನೇ ಸಲಕ್ಕೆ ಅವಳ ಹುಬ್ಬು ಗಂಟಿಕ್ಕಿತು. ಸ್ಲೇಟು ಎಳೆದುಕೊಂಡು, ಎರಡು ಗೆರೆ ಕೂಡಿ ತುದಿ ಮೇಲಾದ ಗುರುತೊಂದನ್ನು ಬರೆದಳು. ಅಕ್ಷರ ಬಿಟ್ಟುಹೋದ ಕಡೆ ಪ್ರೂಫಿನವರು ಹಾಕುವ ಗುರುತು.

"ಏನೂ ಬಿಟ್ಟಿಲ್ಲ ಕಣೇ" ಎಂದ ಅಣ್ಣ.

"ಚಾಲಕನ ಮಾತು ಅರ್ಧಕ್ಕೇ ಹಾರಿದೆ. ನಾನು ಕೇಳಿದ್ಮೇಲೆ ನೀನೇನೋ ಅಂದಿದೀಯ. ಹಾಕು."

ಇಪ್ಪತ್ತೈದು ವರ್ಷದಿಂದ ಊರವರ ತಪ್ಪು ಹೆಕ್ಕಿದವಳ ಮುಂದೆ ಇವನ ಕೈಚಳಕ ಎಷ್ಟರದು? ಮೂಲ ಪ್ರತಿ ಹಾಕಿ, ಗೋಡೆಯ ಕಡೆ ತಿರುಗಿ ನಿಂತ. ಸ್ವಲ್ಪ ಹೊತ್ತಿಗೆ ಸೀಮೆಸುಣ್ಣದ ಸದ್ದು ಕೇಳಿತು.

"ಇದಕ್ಕಾ ಒಂದು ವಾರ ಮೋರೆ ಇಳಿಬಿಟ್ಕೊಂಡಿದ್ದು? ಹುಚ್ಚಪ್ಪ. ಅಜ್ಜಿ ಬೆಕ್ಕಿಗೂ ಹೇಳ್ತಿದ್ಲು."

ಅಬ್ಬಾ! ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡ. ಆದರೆ ಅವಳು ಹೆಡ್‌ಫೋನ್ ತೆಗೆದಿರಲಿಲ್ಲ. ಕೊನೆಯವರೆಗೂ ಕೇಳಬೇಕೆಂದು ಕೂತಳು. ಹಿಂದಿನ ನಾಲ್ಕು ಸಲವೂ ತನ್ನ ಮಾತು ಮುಗಿದೊಡನೆ ಮೊದಲಿಗೆ ಹಾಕಿಸಿದ್ದಳಲ್ಲ, ಮುಂದಿನದನ್ನು ಕೇಳಿರಲಿಲ್ಲ. ಮುಂದೆ ಚಾಲಕ ಮಾತಾಡಿದ, ಹಾಡು ಬಂತು, ಟೇಪು ಮುಗಿಯಿತು. ಅವಳ ಮುಖ ಸಣ್ಣಗಾಯಿತು.

"ಆಮೇಲೆ ನಾನು ಮಾತೇ ಆಡಿಲ್ವಾ?"

"ಇಲ್ಲ."

ಅವಳು ಸ್ಲೇಟನ್ನು ಒರೆಸಿ ನಿಧಾನವಾಗಿ ಬರೆದಳು. "ಇರೋದೇ ಏಳು ನಿಮಿಷ. ಅದ್ರಲ್ಲಿ ಎರಡು ನಿಮಿಷ ಸುಮ್ನೆ ಕೂರಿಸ್ಬಿಟ್ಟೆಯಲ್ಲೋ ಅಣ್ಣಾ."

ಕ್ಷಮಿಸು ಎಂದು ಬಾಯಿ ತೆರೆದವನು, ಅದನ್ನೂ ಬಾಯಲ್ಲೇ ಹೇಳಬೇಕಲ್ಲ ಎಂದು ನಾಚಿ ಸುಮ್ಮನಾದ. ಅವಳು ಎದ್ದು ಅವನ ತಟ್ಟೆಗೆ ಊಟ ಬಡಿಸಿದಳು. ತನಗೆ ಬಡಿಸಿಕೊಳ್ಳಲಿಲ್ಲ.

ತೊಳೆದ ಪ್ರತಿ ಗುಂಪಿಗೆ ಹೋಯಿತು. ಮೂರನೇ ದಿನ ಸಂಜೆ ಮೇಷ್ಟ್ರ ಫೋನು. ದೊಡ್ಡ ದನಿಯವರು, ಕೋಣೆಗೆಲ್ಲ ಕೇಳಿಸುತ್ತಿತ್ತು. "ಏನ್ ಸಾರ್ ಇದು, ಪವಾಡ! ಮೊದಲ ಐದು ನಿಮಿಷ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಆ ಕೊನೇ ಎರಡು ನಿಮಿಷ! ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ, ಕನ್ನಡಿ ಇದ್ದ ಹಾಗಿದೆ. ಹೆಂಗ್ ಮಾಡಿದ್ರಿ?"

ಎದುರಿಗೆ ಹಾಳೆ ತಿದ್ದುತ್ತಿದ್ದ ತಂಗಿ ತಲೆಯೆತ್ತಿದಳು. ಸ್ಲೇಟು ತಗೊಂಡು ಬರೆದು ಅವನತ್ತ ಹಿಡಿದಳು: "ನನ್ನ ಕೆಲಸ ಅಂತ ಹೇಳು."

"ಅದು... ನನ್ನ ತಂಗಿ ಮಾಡಿದ್ದು ಮೇಷ್ಟ್ರೇ."

"ಹೌದಾ? ಭಲೇ! ಒಂದ್ನಿಮಿಷ ಫೋನ್ ಕೊಡಿ ಅವ್ರಿಗೆ, ನಾನೇ ಹೇಳ್ಬೇಕು."

ಬೇಡ, ಅವಳಿಗೆ ಆಗುವುದಿಲ್ಲ ಎಂದು ಹೇಳಲು ಹೊರಟ. ಅಷ್ಟರಲ್ಲಿ ಅವಳೇ ಫೋನು ಕಿತ್ತುಕೊಂಡು ಕಿವಿಗಿಟ್ಟುಕೊಂಡಳು. ಮೇಷ್ಟ್ರು ಹೊಗಳಿದ್ದನ್ನೆಲ್ಲ ಕತ್ತು ಆಡಿಸುತ್ತಾ ಕೇಳಿಸಿಕೊಂಡಳು. "ಹೇಳಿ ತಾಯಿ, ಅಷ್ಟು ನಿಶ್ಶಬ್ದ ಎಲ್ಲಿಂದ ತಂದ್ರಿ? ಹಲೋ? ಮಾತಾಡಿ ತಾಯಿ, ಇದ್ದೀರಾ?"

ಅಣ್ಣ ಕೈ ಚಾಚಿದ. ಅವಳು ಫೋನು ಕೊಡಲಿಲ್ಲ. ಮೇಷ್ಟ್ರು "ಹಲೋ, ಹಲೋ" ಎನ್ನುತ್ತಲೇ ಇದ್ದರು.