ತೂಕದ ಹಲಗೆ

ರಕ್ತಭೇದಿಯಾಗುತ್ತಿದ್ದ ನಾಯಿಯನ್ನು ಪಶು ಆಸ್ಪತ್ರೆಯ ತೂಕದ ಹಲಗೆಯಿಂದ ಎತ್ತಿ ಒಳಗೆ ಒಯ್ದ ಕಾಂಪೌಂಡರ್, ಹೊರಬಂದು ಒದ್ದೆ ಬಟ್ಟೆಯನ್ನು ಹಲಗೆಯ ಮೇಲೆ ಒಮ್ಮೆ ಎಳೆದ.

"ಮುಂದಿನದು. ಮರೀನ ಮೇಲೆ ಬಿಡಿ."

ಅತ್ತಿಗೆ ಕೈಲಿದ್ದ ನಾಯಿಮರಿಯನ್ನು ಬಿಡಲಿಲ್ಲ. "ಬ್ಲೀಚಿಂಗ್ ನೀರು ಹಾಕಿ ತೊಳೀರಿ, ಆಮೇಲೆ ಬಿಡ್ತೀನಿ."

"ಒರೆಸಿದ್ನಲ್ಲಮ್ಮ, ಕಣ್ಣು ಕಾಣ್ಸಲ್ವಾ?"

"ಕಂಡಿದ್ದಕ್ಕೇ ಹೇಳ್ತಿರೋದು."

"ಬ್ಲೀಚಿಂಗ್ ಪುಡಿ ಖಾಲಿ."

ನಮ್ಮ ಹಿಂದಿನ ಮರಿ ಇಂಥದೇ ರಕ್ತಭೇದಿಯಲ್ಲಿ ಸತ್ತಿತ್ತು. ಲಸಿಕೆ ಮುಗಿಯುವ ಮೊದಲೇ ನೆಲಕ್ಕೆ ಬಿಟ್ಟಿರಿ ಎಂದು ಇಲ್ಲಿನ ಡಾಕ್ಟರೇ ಅತ್ತಿಗೆಯನ್ನು ಎಲ್ಲರೆದುರು ಬೈದಿದ್ದರು. ಆದರೆ ಆ ಮರಿಯನ್ನು ಅವಳು ಹೊಸ್ತಿಲಾಚೆ ನೆಲಕ್ಕೆ ಬಿಟ್ಟಿರಲಿಲ್ಲ. ಮನೆಯಾಚೆ ಅದು ಕಾಲಿಟ್ಟದ್ದು ಒಂದೇ ಕಡೆ, ಈ ಹಲಗೆಯ ಮೇಲೆ.

ಡಾಕ್ಟರ್ ಒಳಗಿಂದಲೇ ಕೂಗಿದರು: "ತೂಕ ಗೊತ್ತಿಲ್ದೆ ಜಂತಿನ ಔಷಧಿ ಹೇಗ್ರೀ ಕೊಡೋದು? ತೂಕ ಮಾಡ್ಸಿ, ಇಲ್ಲ ಜಾಗ ಬಿಡಿ."

ಅತ್ತಿಗೆ ಮರಿಯನ್ನು ಎತ್ತಿಕೊಂಡೇ ಹಲಗೆ ಹತ್ತಿದಳು. ಬಳಿಕ ಮರಿಯನ್ನು ನನ್ನ ಕೈಗಿತ್ತು ಒಬ್ಬಳೇ ನಿಂತಳು. "ಅದರಲ್ಲಿ ಇದನ್ನ ಕಳೀರಿ, ಮರಿ ತೂಕ ಬರುತ್ತೆ."

ಅತ್ತಿಗೆ ದಪ್ಪ. ಮನೆಯಲ್ಲಿ ತೂಕದ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಕಾಂಪೌಂಡರ್ ಅಂಕಿಯನ್ನು ಬೀದಿಗೇ ಕೇಳುವಂತೆ ಕೂಗಿದ. ಬೆಂಚಿನ ಮೇಲೆ ತನ್ನ ನಾಯಿಮರಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಗಂಡಸೊಬ್ಬ, "ಹಲಗೆ ಗಟ್ಟಿ ಇದೆ ಬಿಡಪ್ಪ," ಎಂದ. ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು. ಹೊಲಸು ಹಲಗೆ ಅವರದು, ತಲೆ ತಗ್ಗಿಸಬೇಕಾದವಳು ಇವಳೇ?

"ಹಲ್ಲು ಕಿರಿಯೋಕೆ ಏನಿದೆ ಇಲ್ಲಿ?" ಎಂದೆ.

"ಸುಮ್ನಿರೇ," ಎಂದಳು ಅತ್ತಿಗೆ.

ಒಳಗೆ ಅವಳ ಮಡಿಲಲ್ಲೇ ಡಾಕ್ಟರ್ ಮರಿಗೆ ಜಂತಿನ ಔಷಧಿ ಕುಡಿಸಿ, ಕತ್ತಿನ ಚರ್ಮ ಎತ್ತಿ ಲಸಿಕೆಯ ಸೂಜಿ ಚುಚ್ಚಿದರು. ಅದು ಕುಂಯ್ ಎಂದಿತು.

"ಎಲ್ಲಾ ಡೋಸ್ ಮುಗಿಯೋತನಕ ನೆಲಕ್ಕೆ ಬಿಡ್ಬೇಡಿ."

"ಯಾರ ನೆಲಕ್ಕೆ ಡಾಕ್ಟ್ರೇ, ನಮ್ಮದಕ್ಕೋ ನಿಮ್ಮದಕ್ಕೋ?"

ಅವರು ಕೈ ತೊಳೆಯಲು ಆಚೆ ತಿರುಗಿದರು.

ಹೊರಗೆ ಆ ಗಂಡಸು ತನ್ನ ಮರಿಯನ್ನು ಹಿಡಿದು ಹಲಗೆಯತ್ತ ಬಗ್ಗಿದ್ದ. ಅತ್ತಿಗೆ ನಮ್ಮದನ್ನು ನನಗೆ ದಾಟಿಸಿ, ಅವನ ಕೈ ಸರಿಸಿ, ಹಲಗೆ ಹತ್ತಿ ನಿಂತುಬಿಟ್ಟಳು.

"ಇಳೀರಮ್ಮ, ನಿಮ್ದಾಯ್ತಲ್ಲ!" ಎಂದ ಕಾಂಪೌಂಡರ್.

"ತೊಳೆಯೋತನಕ ಇಳಿಯಲ್ಲ."

"ಪುಡಿ ಖಾಲಿ ಅಂದ್ನಲ್ಲ!"

"ತರೋತನಕ ಇಲ್ಲೇ ಇರ್ತೀನಿ. ಬೇಕಿದ್ರೆ ಅಂಕಿನ ಇನ್ನೊಂದ್ಸಲ ಕೂಗು."

"ಯಾಕಮ್ಮ, ಏನಾಗಿದೆ ಹಲಗೆಗೆ?" ಗಂಡಸು ಕೇಳಿದ.

"ನಮ್ಮ ಹಿಂದಿನ ಮರಿ ಇದರ ಮೇಲೆ ನಿಂತು ಮನೆಗೆ ಬಂದು ಸತ್ತೋಯ್ತು."

ಅವನು ತನ್ನ ಮರಿಯನ್ನು ಎದೆಗವಚಿಕೊಂಡು ಕಾಂಪೌಂಡರನನ್ನು ದುರುಗುಟ್ಟಿ ನೋಡಿದ. ಈ ಸಲ ಯಾರೂ ನಗಲಿಲ್ಲ.

ಕಾಂಪೌಂಡರ್ ಗೊಣಗುತ್ತ ಮೇಜಿನ ಕೆಳಗೆ ಕೈ ಹಾಕಿದ. ಖಾಲಿ ಎಂದಿದ್ದ ಪುಡಿಯ ಡಬ್ಬ ಅಲ್ಲೇ ಇತ್ತು, ಮುಚ್ಚಳದ ಸೀಲನ್ನೂ ಒಡೆದಿರಲಿಲ್ಲ. ಪುಡಿ ಬಕೆಟ್ಟಿಗೆ ಬಿದ್ದದ್ದನ್ನು ನೋಡಿದ ಮೇಲೇ ಅತ್ತಿಗೆ ಇಳಿದಳು.