ಹುಳುಮನೆಯ ಕಿಟಕಿಗೆ ಬಂದ ಆನೆ

ಹುಳುಗಳು ನಾಲ್ಕನೇ ಜ್ವರ ಎದ್ದು ಅಂದಿಗೆ ಐದನೇ ದಿನ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದನ್ನು ಜಂಗಮಕೋಟೆಯ ಸುತ್ತಿನ ಊರುಗಳಲ್ಲಿ ಜ್ವರವೆಂದೇ ಕರೆಯುತ್ತಾರೆ. ನಾಲ್ಕನೆಯದು ಕಳೆದ ಮೇಲೆ ತಿನ್ನುವುದೇ ತಿನ್ನುವುದು. ಆಗ ಹೊತ್ತುಹೊತ್ತಿಗೆ ಸೊಪ್ಪು ಸಿಗದಿದ್ದರೆ ತಿಂಗಳ ದುಡಿಮೆ ಕೈಬಿಟ್ಟುಹೋದಂತೆ.

ಬೆಳಿಗ್ಗೆ ಕುಡುಗೋಲು ಹಿಡಿದು ಹೊರಟ ಕದಿರಮ್ಮ ತೋಟದ ಬದುವಿನಲ್ಲೇ ನಿಂತುಬಿಟ್ಟಳು. ಹಿಪ್ಪುನೇರಳೆಯ ನಟ್ಟನಡುವೆ ಆನೆ ನಿಂತಿತ್ತು. ಅವಳ ಎದೆಯೆತ್ತರದ ಸೊಪ್ಪು ಅದರ ಮಂಡಿಗೆ ಬಂದಿತ್ತು. ಮೈತುಂಬ ಕೆಂಪು ಧೂಳು, ಒಂದು ದಂತ ಮೊಂಡು. ನಾಲ್ಕು ಕಡ್ಡಿಗಳನ್ನು ಸೊಂಡಿಲಲ್ಲಿ ಸುತ್ತಿ ಎಳೆದು, ಬೇರಿನ ಮಣ್ಣನ್ನು ಮುಂಗಾಲಿಗೆ ಬಡಿದು ಉದುರಿಸಿ, ಬಾಯಿಗಿಟ್ಟುಕೊಳ್ಳುತ್ತಿತ್ತು. ಅವಸರವೇ ಇಲ್ಲ.

ಏಳು ಗಂಟೆಗೆ ಅರಣ್ಯ ಇಲಾಖೆಯ ಗಾರ್ಡ್ ಮುರಳಿಮೋಹನ್ ಇಬ್ಬರು ವಾಚರುಗಳೊಂದಿಗೆ ಬಂದ. ಆಂಧ್ರದ ಕಾಡಿನಿಂದ ದಾರಿ ತಪ್ಪಿ ಬಂದ ಒಂಟಿ ಗಂಡಾನೆ ಅದು. ಚಿಂತಾಮಣಿಯ ಕಡೆಯಿಂದ ಮೂರು ದಿನ ಅದರ ಹಿಂದೆಯೇ ಸುತ್ತಿ ಅವನ ಕಣ್ಣುಗಳು ಕೆಂಪಗಾಗಿದ್ದವು.

"ದೂರ ಹೋಗಮ್ಮ. ಎರಡು ಪಟಾಕಿ, ಒಂಚೂರು ಮೆಣಸಿನಕಾಯಿ ಹೊಗೆ. ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡ್ತಾನೆ."

"ಅದೇ ಹತ್ತು ನಿಮಿಷದಲ್ಲಿ ನನ್ನ ಹುಳಾನೂ ಖಾಲಿ ಆಗ್ತವೆ ಕಣಪ್ಪ. ಬೀಡಿ ಸೇದಿದೋರನ್ನೇ ನಾವು ಬಾಗಿಲಿಗೆ ಸೇರಿಸಲ್ಲ."

ತೋಟದ ಅಂಚಿನಲ್ಲೇ ಇದ್ದ ಹುಳುಮನೆಯ ಕಡೆ ಅವಳು ಕೈ ತೋರಿಸಿದಳು. ಗಾಳಿ ಅತ್ತಲೇ ಬೀಸುತ್ತಿತ್ತು.

"ಹಂಗಾದ್ರೆ ಮೇವಿಗೇನು ಮಾಡ್ತೀಯ?"

"ಅದು ಹೋಗೋಗಂಟ ಕಾಯ್ತೀನಿ."

"ಯಾವಾಗ ಹೋಗ್ತಾನೆ ಅಂತ ನಂಗೂ ಹೇಳಿಲ್ಲಮ್ಮ ಅವನು," ಎಂದು ಮುರಳಿಮೋಹನ್ ನಿಟ್ಟುಸಿರಿಟ್ಟ. ಆದರೂ ಪಟಾಕಿಯ ಚೀಲದ ಬಾಯಿ ಕಟ್ಟಿದ.

ಅಕ್ಕಪಕ್ಕದ ತೋಟಗಳಲ್ಲಿ ಆಗಷ್ಟೇ ಕಟಾವಾಗಿತ್ತು. ನೆರೆಯ ಕೊಂಡಮ್ಮನ ತೋಟಕ್ಕೆ ಮೊನ್ನೆ ಔಷಧಿ ಹೊಡೆದಿದ್ದರು; ಆ ಸೊಪ್ಪು ಹುಳುಗಳಿಗೆ ವಿಷ. ಕದಿರಮ್ಮನ ಗಂಡ ವೆಂಕಟರಾಮಪ್ಪ ಬೇರೆ ಊರಲ್ಲಾದರೂ ಸೊಪ್ಪು ಸಿಕ್ಕೀತೇನೋ ಎಂದು ಮೊಪೆಡ್ಡು ಹತ್ತಿ ಹೋದವನು ಇನ್ನೂ ಹಿಂದಿರುಗಿರಲಿಲ್ಲ. ಕೆರೆಕಟ್ಟೆಯ ಮೇಲೆ ಊರೇ ನೆರೆದಿತ್ತು. ಶಿಳ್ಳೆ ಹಾಕಿದವರನ್ನು ವಾಚರುಗಳು ಗದರುತ್ತಿದ್ದರು.

"ಅದೂ ನಾಲ್ಕನೇ ಜ್ವರ ಎದ್ದಂಗೈತೆ ಕಣೇ," ಎಂದಳು ಕೊಂಡಮ್ಮ. "ತಿನ್ನೋದು ನೋಡು. ಇದಕ್ಕೆಷ್ಟು ತಟ್ಟೆ ಬೇಕೋ."

ಕದಿರಮ್ಮನಿಗೆ ನಗು ಬರಲಿಲ್ಲ. ಮೂವತ್ತು ವರ್ಷ ಹುಳುಗಳ ಹಸಿವು ನೋಡಿದವಳು ಅವಳು. ಆನೆಯ ಬೆನ್ನುಮೂಳೆ ಎದ್ದು ಕಾಣುತ್ತಿದ್ದುದು, ಕಣತಲೆ ಗುಳಿಬಿದ್ದಿದ್ದುದು ಅವಳ ಕಣ್ಣಿಗೆ ತಾನಾಗಿ ಬಿತ್ತು.

ಹತ್ತಾಯಿತು. ರಾತ್ರಿ ಉಳಿದಿದ್ದ ಅರ್ಧ ಮಂಕರಿ ಸೊಪ್ಪನ್ನಾದರೂ ಉದುರಿಸೋಣವೆಂದು ಕದಿರಮ್ಮ ಗಾರ್ಡಿಗೆ ಹೇಳದೆ ಹಿಂಬಾಗಿಲಿಂದ ಹುಳುಮನೆ ಹೊಕ್ಕಳು. ಹುಳು ಸಾಕುವ ಒಂದು ಅಟ್ಟಣೆಗೂ ಅದು ಸಾಲಲಿಲ್ಲ. ಉಳಿದ ಅಟ್ಟಣೆಗಳಲ್ಲಿ ಹುಳುಗಳು ಬರೀ ಕಡ್ಡಿಗಳ ಮೇಲೆ ಸುಮ್ಮನೆ ಬಿದ್ದಿದ್ದವು.

ಒಳಗಿನ ಬೆಳಕು ಒಮ್ಮೆಲೇ ಕುಗ್ಗಿತು.

ಅವಳು ತಿರುಗಿದಳು. ಬಲೆ ಬಡಿದ ಕಿಟಕಿಯ ತುಂಬ ಆನೆ. ಕಣ್ಣೂ ಕಾಣಲಿಲ್ಲ, ದಂತವೂ ಕಾಣಲಿಲ್ಲ. ಒಣಗಿದ ಕೆರೆಯ ತಳದಂತೆ ಬಿರುಕುಬಿಟ್ಟ ಚರ್ಮವಷ್ಟೇ. ಹೆಜ್ಜೆಯ ಸದ್ದೇ ಆಗಿರಲಿಲ್ಲ. ಆಚೆ ಪಂಪ್‌ಹೌಸಿನ ಮರೆಯಲ್ಲಿ ಮುರಳಿಮೋಹನ್ ಪಟಾಕಿಗೆ ಬೆಂಕಿಕಡ್ಡಿ ಹಿಡಿಯಲು ಸಿದ್ಧನಾಗಿದ್ದುದು ಪಕ್ಕದ ಕಿಟಕಿಯಲ್ಲಿ ಕಂಡಿತು. ಹಿಂಬಾಗಿಲು ಅವಳ ಬೆನ್ನ ಹಿಂದೆಯೇ ಇತ್ತು. ಕದಿರಮ್ಮ ಓಡಲಿಲ್ಲ. ಬೇಡ ಎಂದು ಅವನಿಗೆ ಕೈಯೆತ್ತಿ, ಎತ್ತಿದ ಕೈಯನ್ನು ಹಾಗೇ ಹಿಡಿದಳು.

ಸೊಂಡಿಲ ತುದಿ ಬಲೆಗೆ ಬಂದು ತಾಗಿತು. ಬಲೆ ಒಳಕ್ಕೆ ಉಬ್ಬಿತು, ಹೊರಕ್ಕೆ ಜಗ್ಗಿತು, ಮತ್ತೆ ಉಬ್ಬಿತು. ಬಿಸಿ ಉಸಿರು ಅವಳ ಮುಖಕ್ಕೆ ಹೊಡೆಯಿತು. ಅದರ ತುಂಬ ಹಿಪ್ಪುನೇರಳೆಯ ವಾಸನೆ. ಆಗತಾನೇ ಅಗಿದ ಹಸಿಸೊಪ್ಪಿನ ವಾಸನೆ.

ಅಟ್ಟಣೆಯ ಮೇಲೆ ಒಂದು ಹುಳು ತಲೆಯೆತ್ತಿತು. ಅದರ ಪಕ್ಕದ್ದು ಎತ್ತಿತು. ಮೇಲಿನ ಅಟ್ಟಣೆಯಲ್ಲಿ, ಕೆಳಗಿನದರಲ್ಲಿ, ಗೋಡೆಯಿಂದ ಗೋಡೆಯವರೆಗೆ, ಸಾವಿರಾರು ಬಿಳಿ ತಲೆಗಳು ಎದ್ದು ಆನೆಯ ಉಸಿರಿನ ಕಡೆಗೆ ಮೆಲ್ಲಗೆ ತೂಗತೊಡಗಿದವು. ಮೂವತ್ತು ವರ್ಷದಲ್ಲಿ ಕದಿರಮ್ಮ ಇಂಥದ್ದನ್ನು ಕಂಡಿರಲಿಲ್ಲ. ಉಸಿರಾಡುವುದಕ್ಕೂ ಅವಳಿಗೆ ಅಂಜಿಕೆಯಾಯಿತು.

ಆನೆ ಬಹಳ ಹೊತ್ತು ಮೂಸಿತು. ಆಮೇಲೆ ಬೆಳಕು ಮರಳಿತು.

ಕೆರೆಯಂಗಳ ದಾಟಿ, ಕುರುಚಲು ಗುಡ್ಡದ ಕಡೆ ಅದು ನಡೆದು ಹೋಗುವುದನ್ನು ಜನ ಕಟ್ಟೆಯ ಮೇಲಿಂದ ನೋಡಿದರು. ವಾಚರುಗಳು ದೂರದಿಂದ ಅದರ ಹಿಂದೆ ಹೊರಟರು. ತೋಟದ ಮೂರನೇ ಒಂದು ಪಾಲು ನೆಲಕಚ್ಚಿತ್ತು. ಉಳಿದದ್ದನ್ನು ಕದಿರಮ್ಮ, ಕೊಂಡಮ್ಮ ಸೇರಿ ಕೊಯ್ದರು. ಹೊರೆ ಹೊತ್ತು ತಂದ ಮುರಳಿಮೋಹನ್ ಬೂಟು ಕಳಚಿ ಹೊಸಿಲಲ್ಲೇ ಇಳಿಸಿದ.

ಮೊದಲ ಅಟ್ಟಣೆಗೆ ಹಾಸಿದ ಸೊಪ್ಪಿನ ಕೆಳಗೆ ಹುಳುಗಳು ಮಿಸುಕಲಿಲ್ಲ. ಕದಿರಮ್ಮ ಬಗ್ಗಿ ನೋಡುತ್ತ ನಿಂತಳು. ಒಂದು ಎಲೆಯ ಅಂಚಿನಲ್ಲಿ ಉಗುರಿನಷ್ಟು ಕಚ್ಚಿದ ಗುರುತು ಮೂಡಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ಅಟ್ಟಣೆ ಜುಮುಜುಮು ಸದ್ದು ಮಾಡತೊಡಗಿತು.

ಕದಿರಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಏನಾಯ್ತೇ?" ಎಂದಳು ಬಾಗಿಲಾಚೆಯಿಂದ ಕೊಂಡಮ್ಮ.

"ಏನಿಲ್ಲಕ್ಕ," ಎಂದಳು ಕದಿರಮ್ಮ. "ಮೇಯ್ತಾ ಅವೆ."