ಸಂಬಂಧವಿಲ್ಲದವರು ಬೇಕಾಗಿದ್ದಾರೆ

೧

ಸಮಸ್ತ ಓದುಗ ಮಹಾಶಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಈ ಕಥೆಯ ಮೊದಲ ವಾಕ್ಯವನ್ನು ಅನಿವಾರ್ಯ ಕಾರಣಗಳಿಂದ ಹಿಂದಕ್ಕೆ ಪಡೆಯಲಾಗಿದೆ. ಇದರಿಂದ ಯಾರಿಗಾದರೂ ಅನಾನುಕೂಲವಾಗಿದ್ದರೆ ಲೇಖಕರು ವಿಷಾದಿಸುತ್ತಾರೆ. ಅನುಕೂಲವಾಗಿದ್ದರೆ ಇನ್ನೂ ಹೆಚ್ಚು ವಿಷಾದಿಸುತ್ತಾರೆ.

ಹಿಂದಕ್ಕೆ ಪಡೆದ ವಾಕ್ಯ ಇದು: 'ಅರಾಸೆಲಿಗೆ ಮೂರು ಭಾಷೆ ಬರುತ್ತಿತ್ತು, ಆದರೂ ಕಾಲೇಜಿಗೆ ಒಂದು ಭಾಷೆ ಕಡಿಮೆ ಬಿತ್ತು.' ನನಗಂತೂ ಹಿಡಿಸಿತ್ತು. ಅರಾಸೆಲಿಗೆ ಹಿಡಿಸಲಿಲ್ಲ.

"ಮೂರಲ್ಲ ಮಿಸ್ಟರ್, ಎರಡೂವರೆ. ಸ್ಪ್ಯಾನಿಷ್ ಅರ್ಧನೇ. ಟ್ಯಾಕೋ ಗಾಡಿ ಮುಂದೆ ನಿಂತು 'ಈರುಳ್ಳಿ ಬೇಡ' ಅನ್ನೋಷ್ಟು ಬರತ್ತೆ. ಪ್ರಬಂಧ ಬರಿ ಅಂದ್ರೆ ಈರುಳ್ಳಿ ಇಲ್ಲದೇನೇ ಕಣ್ಣಲ್ಲಿ ನೀರು."

(ನಮ್ಮ ಕ್ಯಾಲಿಫೋರ್ನಿಯಾ ಕಣಿವೆಯ ಹೈಸ್ಕೂಲಿನ ಮಕ್ಕಳು ಮೇಷ್ಟ್ರನ್ನೂ ಬಸ್ ಡ್ರೈವರನ್ನೂ ತಮ್ಮನ್ನು ಹುಟ್ಟಿಸಿದ ಲೇಖಕನನ್ನೂ 'ಮಿಸ್ಟರ್' ಎಂದೇ ಕರೆಯುತ್ತಾರೆ. ಮೂವರಿಗೂ ಸಿಗುವ ಗೌರವ ಒಂದೇ ಅಳತೆಯದು.)

೨

ಹಾಗಾದರೆ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ತಪ್ಪಿನಿಂದಲೇ ಮಾಡೋಣ. ತಪ್ಪು ಯಾವಾಗಲೂ ಸರಿಯಾದ ಸಮಯಕ್ಕೆ ಬರುತ್ತದೆ.

ಅರಾಸೆಲಿ ಒಂಬತ್ತನೇ ಕ್ಲಾಸಿಗೆ ಸೇರಿದ ದಿನ ಶಾಲೆಯ ಕೌನ್ಸೆಲರ್ ಮಿಸೆಸ್ ಕಾಲ್ಡ್‌ವೆಲ್ ಅವಳ ಹೆಸರು ನೋಡಿದರು, ಮುಖ ನೋಡಿದರು, ಸ್ಟ್ರಾಬೆರಿ ಕೀಳುವ ಅಮ್ಮನ ಮಣ್ಣಾದ ಬೂಟು ನೋಡಿದರು. 'ಮೆಕ್ಸಿಕೋದವರು! ಮನೆಮಾತು ಸ್ಪ್ಯಾನಿಷ್!' ಎಂದು ಖುಷಿಪಟ್ಟು, ಸ್ಪ್ಯಾನಿಷ್ ಮಾತೃಭಾಷೆಯವರ ತರಗತಿಗೆ ಹಾಕಿದರು. ಕ್ಯಾಲಿಫೋರ್ನಿಯಾದ ಕಾಲೇಜಿಗೆ ಇಂಗ್ಲಿಷಲ್ಲದ ಇನ್ನೊಂದು ಭಾಷೆ ಎರಡು ವರ್ಷ ಓದಿರಬೇಕಲ್ಲ, ಮಗುವಿಗೆ ಸುಲಭವಾಗಲಿ ಎಂದು. ಅರಾಸೆಲಿಯ ಮನೆಮಾತು ಮಿಷ್ಟೆಕ್. ಮೆಕ್ಸಿಕೋದ ಒಹಾಕಾ ಬೆಟ್ಟದ, ಸ್ಪೇನಿನವರು ಹಡಗು ಹತ್ತುವುದಕ್ಕೂ ಹಿಂದಿನ ಮಾತು. ಅವಳಿಗೆ ಎರಡು ವರ್ಷವೂ ಸ್ಪ್ಯಾನಿಷ್‌ನಲ್ಲಿ ಬಂದದ್ದು 'ಡಿ'. ಕಾಲೇಜಿನವರ ಲೆಕ್ಕದಲ್ಲಿ 'ಡಿ' ಎಂದರೆ ಓದಿಯೇ ಇಲ್ಲ.

ಈಗ ಅವಳು ಹನ್ನೆರಡನೇ ಕ್ಲಾಸು. ನರ್ಸಿಂಗಿಗೆ ಸೀಟು ಸಿಕ್ಕಿದೆ. ಷರತ್ತು ಒಂದೇ: ಅರ್ಜಿಯಲ್ಲಿ ಭಾಷೆಯ ಸಾಲು ತುಂಬಬೇಕು. ತುಂಬದಿದ್ದರೆ ಸೀಟಿಲ್ಲ. ಬೇಸಿಗೆ ಬಂದರೆ ಅಮ್ಮನ ಪಕ್ಕದ ಸ್ಟ್ರಾಬೆರಿ ಸಾಲಿನಲ್ಲಿ ಬಾಗಬೇಕು. ಆ ಸಾಲುಗಳು ಯಾವತ್ತೂ ತುಂಬುವುದಿಲ್ಲ.

(ಇಲ್ಲಿ ಪದದಾಟ ಆಡಿದೆ, ಕ್ಷಮಿಸಿ. ಹಳೇ ಚಟ.)

೪

(ಮೂರನೆಯದರಲ್ಲಿ ಮಿಸೆಸ್ ಕಾಲ್ಡ್‌ವೆಲ್ ದುಷ್ಟೆಯಾಗಿದ್ದರು. ಹರಿದು ಹಾಕಿದೆ. ಅವರು ದುಷ್ಟೆಯಲ್ಲ. ದುಷ್ಟರಿದ್ದಿದ್ದರೆ ಕಥೆ ಬರೆಯುವುದು ಎಷ್ಟು ಆರಾಮಾಗಿರುತ್ತಿತ್ತು!)

ಅವರೇ ನಿಯಮಗಳನ್ನು ತಿರುವಿ ತಿರುವಿ ಒಂದು ಸಂದು ಹುಡುಕಿದರು. ಮನೆಮಾತು ಚೆನ್ನಾಗಿ ಬರುವ ವಿದ್ಯಾರ್ಥಿಯನ್ನು ಆ ಭಾಷೆ ಬಲ್ಲ ಹಿರಿಯರೊಬ್ಬರು ಶಾಲೆಯಲ್ಲೇ ಕೂತು ಪರೀಕ್ಷಿಸಬಹುದು. ಪಾಸಾದರೆ ಎರಡು ವರ್ಷ ಓದಿದಂತೆಯೇ.

"ನೋಡಮ್ಮಾ, ಆಗೋಯ್ತು ಕೆಲಸ!" ಎಂದರು. "ಒಂದೇ ಒಂದು ವಿಷಯ. ಪರೀಕ್ಷೆ ಮಾಡೋರು ನಿನ್ನ ಸಂಬಂಧಿಕರು ಆಗಿರಬಾರದು."

ಅರಾಸೆಲಿ ನಕ್ಕಳು. ಅದು ನಗುವಾಗಿರಲಿಲ್ಲ.

ಮಿಷ್ಟೆಕ್ ಒಂದು ಬೆಟ್ಟ ದಾಟಿದರೆ ಬೇರೆಯೇ ಆಗಿಬಿಡುತ್ತದೆ. ಪರೀಕ್ಷಿಸುವವರು ಅವಳ ಊರಿನವರೇ ಆಗಬೇಕು. ಈ ಕಣಿವೆಯಲ್ಲಿ ಅವಳ ಊರಿನವರಿಗೇನೂ ಬರವಿಲ್ಲ. ಆದರೆ ಎಲ್ಲರೂ ಅಮ್ಮನ ಕಡೆಯಿಂದ ನೆಂಟರು. ಅಲ್ಲದಿದ್ದರೆ ಅಪ್ಪನ ಕಡೆಯಿಂದ. ಎರಡೂ ಅಲ್ಲದಿದ್ದರೆ ದೀಕ್ಷಾಸ್ನಾನದ ನೀರಿನ ಕಡೆಯಿಂದ, ಧರ್ಮತಂದೆ ಧರ್ಮತಾಯಿಯಾಗಿ.

ಒಬ್ಬರನ್ನು ಬಿಟ್ಟು. ಡಾನ್ ಫಿಲೆಮೋನ್. ('ಡಾನ್' ಎಂದರೆ ಅವರಲ್ಲಿ ಯಜಮಾನರು ಎಂದಷ್ಟೇ.)

೫

ಫಿಲೆಮೋನ್ ಮುದುಕರಿಗೂ ಅರಾಸೆಲಿಯ ಅಜ್ಜ ಅಜ್ಜಿಗೂ ಊರಿನ ಜೋಳದ ಹೊಲದ ಗಡಿಕಲ್ಲಿನ ವಿಷಯದಲ್ಲಿ ಜಗಳ. ಆ ಹೊಲವನ್ನು ಈಗ ಯಾರೂ ಉಳುತ್ತಿಲ್ಲ. ಜಗಳ ಮಾತ್ರ ಇಷ್ಟು ದೂರ ಬಂದ ಮೇಲೂ ವರ್ಷವರ್ಷ ಫಸಲು ಕೊಡುತ್ತಿದೆ. ಅಜ್ಜ ತೀರಿಕೊಂಡಾಗ ಫಿಲೆಮೋನ್ ಮಣ್ಣಿಗೆ ಬರಲಿಲ್ಲ. ಅವತ್ತಿನಿಂದ ಅಜ್ಜಿ ಎಪಿಫಾನಿಯಾ ಅವರ ಜೊತೆ ಮಾತು ಬಿಟ್ಟರು. ಊರಿನವರೆಲ್ಲ ಅಜ್ಜಿಯ ನೆಂಟರೇ ಆದದ್ದರಿಂದ ಎಲ್ಲರೂ ಬಿಟ್ಟರು.

ಅರಾಸೆಲಿ ಅಜ್ಜಿಯ ಮುಂದೆ ವಿಷಯ ಇಟ್ಟಳು.

"ಆ ಮನುಷ್ಯನ ಎದುರು ನಾನು ಬಾಯಿ ಬಿಡಲ್ಲ," ಎಂದರು ಅಜ್ಜಿ.

"ನೀನ್ ಬಿಡಬೇಡ ಅಜ್ಜಿ. ಬಾಯಿ ಬಿಡಬೇಕಾಗಿರೋದು ನಾನು. ಪರೀಕ್ಷೆ ನನಗೆ."

"ಅವನೇನು ಪಾಸು ಮಾಡ್ತಾನಾ ನಿನ್ನ? ಕಲ್ಲು ಕದ್ದೋನು."

"ಶಾಲೆಯೋರಿಗೆ ನಮ್ಮೋರು ಅಲ್ಲದೋರೇ ಬೇಕಂತೆ. ಅವರಷ್ಟು ನಮ್ಮೋರಲ್ಲದೋರು ಇನ್ಯಾರಿದಾರೆ ಹೇಳು?"

ಅಜ್ಜಿ ಬಹಳ ಹೊತ್ತು ಹೆಂಚಿನ ಮೇಲಿನ ತೋರ್ತಿಯಾ ರೊಟ್ಟಿ ನೋಡುತ್ತಿದ್ದರು. ಅದು ಸೀದುಹೋಯಿತು. "ನಾನೂ ಬರ್ತೀನಿ," ಎಂದರು. "ಮೋಸ ಮಾಡದ ಹಾಗೆ ನೋಡ್ಕೋಬೇಕಲ್ಲ."

೬

ಫಿಲೆಮೋನ್ ಬಾಡಿಗೆಗಿದ್ದದ್ದು ಯಾರದೋ ಗ್ಯಾರೇಜಿನಲ್ಲಿ. ಮೊದಲ ಕರಡಿನಲ್ಲಿ ಅವರು ಹುಡುಗಿಯ ಮುಖಕ್ಕೆ ಬಾಗಿಲು ಬಡಿದರು. ಎರಡನೆಯದರಲ್ಲಿ ಬಿಕ್ಕಿಬಿಕ್ಕಿ ಅತ್ತರು. ಎರಡೂ ನಾಟಕ. ನಡೆದದ್ದು ಇಷ್ಟೇ: ಅವರು ಹುರುಳಿಕಾಯಿ ಬಿಡಿಸುತ್ತಿದ್ದರು, ಅರಾಸೆಲಿ ಊರಿನ ಮಾತಿನಲ್ಲಿ "ತಾತಾ" ಎಂದಳು. ಅವರ ಕೈ ನಿಂತಿತು. (ಆ ಭಾಷೆಯಲ್ಲಿ ನನಗೆ ಗೊತ್ತಿರುವುದು ಇದೊಂದೇ ಪದ. ಹಿರಿಯರನ್ನು ಅವರೂ ಹಾಗೇ ಕರೆಯುತ್ತಾರೆ.)

"ಯಾರ ಮೊಮ್ಮಗಳು ನೀನು?"

"ನಿಮಗೆ ಗೊತ್ತಿದೆ."

"ಗೊತ್ತು. ನಿನ್ನ ಬಾಯಲ್ಲಿ ಕೇಳೋಣ ಅಂತ. ನಮ್ಮೂರ ಮಾತು ಕಿವಿಗೆ ಬಿದ್ದು ಕಾಲ ಆಯ್ತು. ಟೀವಿಗೆ ಬರಲ್ಲ. ನಾಯಿಗೆ ಕಲಿಸಿದೆ, ಅದೂ ಓಡೋಯ್ತು. ಹೇಳು, ಇನ್ನೂ ಏನಾದ್ರೂ ಹೇಳು."

೭

ಮಂಗಳವಾರ. ಶಾಲೆಯ ಲೈಬ್ರರಿ. ಮೇಜಿನ ಈಚೆ ಅರಾಸೆಲಿ, ಆಚೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಫಿಲೆಮೋನ್, ಮೂಲೆಯಲ್ಲಿ ಅಜ್ಜಿ, ಮೇಜಿನ ತುದಿಯಲ್ಲಿ ಮಿಸೆಸ್ ಕಾಲ್ಡ್‌ವೆಲ್.

'ಅರಾಸೆಲಿ ನಿರರ್ಗಳವಾಗಿ ಉತ್ತರಿಸಿದಳು' ಎಂದು ಬರೆದೆ.

"ನಿರರ್ಗಳ ಅಂತ ನಿಮಗೆ ಹೇಗೆ ಗೊತ್ತು ಮಿಸ್ಟರ್? ನಿಮಗೆ ಅರ್ಥ ಆಯ್ತಾ?"

"ಒಂದಕ್ಷರವೂ ಇಲ್ಲ."

"ಮತ್ತೆ? ಮಿಸೆಸ್ ಕಾಲ್ಡ್‌ವೆಲ್ಲೂ ಹಾಗೇ ತಲೆ ಆಡಿಸ್ತಾ ಕೂತಿದ್ರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸ್ಲಾ?"

ಆದ್ದರಿಂದ ಮುಂದಿನದು ಅವಳು ಹೇಳಿದ್ದು. ನಾನು ಬರೆಯುವ ಕೈ ಮಾತ್ರ.

ಮುದುಕರು ಸೊಪ್ಪಿನ ಹೆಸರು ಕೇಳಿದರು. ಹೇಳಿದಳು. ಅಳುವ ಮಗುವಿಗೆ ಏನು ಹೇಳುತ್ತೀ ಎಂದರು. ಹೇಳಿದಳು. ಆಮೇಲೆ ಅವರು, "ಸಾವಾದ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ಏನನ್ನಬೇಕು?" ಎಂದು ಕೇಳಿದರು.

ಅರಾಸೆಲಿ ಅರ್ಧ ಹೇಳಿ ತಡವರಿಸಿದಳು. ಉದ್ದದ ಮಾತು ಅದು, ಹಿರಿಯರೇ ಆಡುವಂಥದ್ದು.

ಫಿಲೆಮೋನ್ ಎದ್ದು ನಿಂತು ಟೋಪಿ ತೆಗೆದರು. ಮೂಲೆಯ ಕಡೆ ತಿರುಗಿ ಅದನ್ನು ಪೂರ್ತಿ ಹೇಳಿದರು. ಸತ್ತವನ ಹೆಸರಿರಬೇಕಾದ ಜಾಗದಲ್ಲಿ ಅಜ್ಜನ ಹೆಸರಿತ್ತು.

ಆ ಮಾತಿಗೆ ಮನೆಯವರು ಕೊಡಬೇಕಾದ ಒಂದು ಉತ್ತರವಿದೆ. ಅದು ಬರುತ್ತದೋ ಇಲ್ಲವೋ ಎಂದು ಅರಾಸೆಲಿ ಮೂಲೆಯತ್ತ ತಿರುಗಿದಳು. ಅಜ್ಜಿ ಕೊಟ್ಟರು. ಕುಗ್ಗಿದ ದನಿಯಲ್ಲಿ, ತಲೆ ಎತ್ತದೆ.

"ವಂಡರ್‌ಫುಲ್!" ಎಂದರು ಮಿಸೆಸ್ ಕಾಲ್ಡ್‌ವೆಲ್. "ಎಷ್ಟು ಇಂಪಾಗಿದೆ! ಪಾಸು ತಾನೇ?"

ಪಾಸು ಎಂದು ಮುದುಕರು ತಲೆಯಾಡಿಸಿದರು.

"ಕೊನೇದು, ಬರೀ ಫಾರ್ಮಾಲಿಟಿ. ನೀವು ಇವಳಿಗೆ ಸಂಬಂಧ ಅಲ್ಲ, ಅಲ್ವಾ? ಕೇಳಮ್ಮ ಅರಾಸೆಲಿ."

ಅವಳು ಕೇಳಿದಳು. ಮುದುಕರು ಅಜ್ಜಿಯತ್ತ ನೋಡಿದರು. ಅಜ್ಜಿ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಫಿಲೆಮೋನ್ ಮೇಜಿನ ಮೇಲೆ ಅಂಗೈ ಊರಿ ಸ್ಪ್ಯಾನಿಷಿನ ಒಂದೇ ಪದ ಹೇಳಿದರು. ಇಡೀ ಪರೀಕ್ಷೆಯಲ್ಲಿ ಮಿಸೆಸ್ ಕಾಲ್ಡ್‌ವೆಲ್‌ಗೆ ಅರ್ಥವಾದ ಪದ ಅದೊಂದೇ.

"ಫಮಿಲಿಯಾ."

೮

ಇಲ್ಲಿ ಕಥೆ ನಿಲ್ಲಿಸಿ ನಾನು ಅರಾಸೆಲಿಯನ್ನು ಪಕ್ಕಕ್ಕೆ ಕರೆದೆ.

"ಮಿಸೆಸ್ ಕಾಲ್ಡ್‌ವೆಲ್‌ಗೆ ಆ ಕ್ಷಣಕ್ಕೆ ಸೀನು ಬಂತು, ಕೇಳಿಸಲಿಲ್ಲ ಅಂತ ಬರೀಲಾ?"

"ಸುಳ್ಳು."

"ಕಾಲೇಜಿನವರು ಮನಸು ಕರಗಿ ಒಪ್ಪಿಕೊಂಡರು?"

"ನೀವು ಕಾಲೇಜಿಗೆ ಫೋನ್ ಮಾಡಿದೀರಾ ಯಾವತ್ತಾದ್ರೂ? ಸಂಗೀತ ಹಾಕಿ ಕೂರಿಸ್ತಾರೆ."

"ಹಾಗಾದರೆ ಮುದುಕರ ಕೈಲಿ 'ಅಲ್ಲ' ಅಂತ ಹೇಳಿಸಿಬಿಡ್ತೀನಿ. ನನ್ನ ಪಾತ್ರ ಅವರು."

"ನಾನೂ ಕೇಳಿದೆ ಮಿಸ್ಟರ್," ಎಂದಳು. ದನಿಯಲ್ಲಿ ತಮಾಷೆಯಿರಲಿಲ್ಲ. "ಅವರ ಪ್ರಶ್ನೆ ಕೇಳುವಾಗಲೇ, ನಮ್ಮೂರ ಮಾತಲ್ಲೇ, ಒಂದೇ ಒಂದು ಸಲ 'ಅಲ್ಲ' ಅನ್ನಿ ತಾತಾ, ಬರೀ ಬಾಯಿಮಾತಿಗೆ, ನನ್ನ ಸೀಟು ಹೋಗತ್ತೆ ಅಂದೆ. ಅವರಿಗೆ ಪೂರ್ತಿ ಅರ್ಥ ಆಯ್ತು. 'ಇಷ್ಟು ವರ್ಷ ಅದನ್ನೇ ಹೇಳ್ಕೊಂಡು ಬಂದೆ ಮಗಾ, ಇವತ್ತು ನಿನ್ನಜ್ಜಿ ಎದುರಿಗೆ ಆಗಲ್ಲ' ಅಂದ್ರು. ಅಜ್ಜಿ 'ಹೇಳಿಬಿಡು' ಅನ್ನಲಿ ಅಂತ ಕಾದೆ. ಅಜ್ಜಿ ಅನ್ನಲಿಲ್ಲ. ಇನ್ನೊಂದು ಸಲ ಕೇಳೋಕೆ ನನಗೆ ಬಾಯಿ ಬರಲಿಲ್ಲ."

೯

ಮಿಸೆಸ್ ಕಾಲ್ಡ್‌ವೆಲ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಐ ಆಮ್ ಸೋ ಸಾರಿ, ಅರಾಸೆಲಿ. ಹೇಳಿದ್ದು ನನ್ನ ಕಿವಿಗೇ ಬಿತ್ತಲ್ಲ. ಕಾಲೇಜಿಗೆ ಕಳಿಸೋಕೆ ಶುಕ್ರವಾರ ಕೊನೇ ದಿನ. ಅಷ್ಟರೊಳಗೆ ನಿಮ್ಮೂರಿನೋರು, ಸಂಬಂಧ ಇಲ್ಲದೋರು, ಬೇರೆ ಯಾರನ್ನಾದ್ರೂ ಕರ್ಕೊಂಡು ಬಾ."

ಅಂಥವರು ಈ ಕಣಿವೆಯಲ್ಲಿ ಒಬ್ಬರಿದ್ದರು. ಈಗ ಒಬ್ಬರೂ ಇಲ್ಲ.

ಓದುಗರೇ, ನನಗಿರುವ ಅಧಿಕಾರ ಅಲ್ಪ, ಆದರೂ ಇದೆ. ಈ ಕಥೆಗೆ ಬುಧವಾರ, ಗುರುವಾರ ಎಷ್ಟು ಬೇಕಾದರೂ ಕೊಡುತ್ತೇನೆ. ಶುಕ್ರವಾರವನ್ನು ಮಾತ್ರ ನಾನು ಬರೆಯುವುದಿಲ್ಲ.

"ನೀವು ಬರೀದೇ ಇದ್ರೆ," ಎಂದು ಅರಾಸೆಲಿ ಕೇಳಿದಳು, "ಅದು ಬರೋದಿಲ್ವಾ ಮಿಸ್ಟರ್?"